ನೆಲಿದಾ ಬಸ್ಸು ಹತ್ತಿದ ಫೆಬ್ರವರಿ

ನಮ್ಮ ಕಾರ್ನಿವಲ್ ಮೇಳದ ದೊಡ್ಡ ಡೋಲನ್ನು ಹತ್ತೊಂಬತ್ತು ವರ್ಷ ಬಾರಿಸಿದ ನೆಲಿದಾ ಬಾರಿಯೋಸ್ ಎರಡು ವರ್ಷದಿಂದ ಮೆರವಣಿಗೆಗೆ ಹೋಗುವ ನಮ್ಮ ಬಸ್ಸು ಹತ್ತಿರಲಿಲ್ಲ. ಒಮ್ಮೆ ಕಾಲುನೋವು ಎಂದಳು, ಇನ್ನೊಮ್ಮೆ ತಂಗಿ ಬಂದಿದ್ದಾಳೆ ಎಂದಳು. ನಿಜ ಬೇರೆಯೇ ಇತ್ತು. ಒಂದು ಮಧ್ಯಾಹ್ನ ಕಿಕ್ಕಿರಿದ ಬಸ್ಸಿನಲ್ಲಿ ಅವಳ ಎದೆ ಹುಚ್ಚು ಹಿಡಿದಂತೆ ಹೊಡೆದುಕೊಂಡು, ಬೆರಳು ಮರಗಟ್ಟಿ, ಸತ್ತೇಹೋದೆ ಅನ್ನಿಸಿತ್ತು. ಅಂದಿನಿಂದ ಎಲ್ಲಿಗಾದರೂ ನಡೆದೇ ಹೋಗುತ್ತಿದ್ದಳು. ಮೂರನೇ ವರ್ಷವೂ ಬಾರದವರ ವಾದ್ಯ ಬೇರೆಯವರಿಗೆ ಹೋಗುತ್ತದೆ; ಅದು ಮೇಳದ ಕಟ್ಟಳೆ.

ತಮಾಷೆಯೆಂದರೆ, ನಮ್ಮೂರಿನ ಪಲೆರ್ಮೊ ಬಡಾವಣೆಯಲ್ಲಿ ಅವಳು ನೋಡಿಕೊಳ್ಳುವ ಕಟ್ಟಡದಲ್ಲಿ ಮನಸ್ಸಿಗೆ ಚಿಕಿತ್ಸೆ ಕೊಡುವವರೇ ಹನ್ನೊಂದು ಮಂದಿ. ಮೆಟ್ಟಿಲು ಒರೆಸಿ, ಹಿತ್ತಾಳೆಯ ಕರೆಗಂಟೆಗಳನ್ನು ಉಜ್ಜಿ, ಬಾಗಿಲಲ್ಲಿ ತಬ್ಬಿಬ್ಬಾಗಿ ನಿಂತವರಿಗೆ ದಾರಿ ಹೇಳುವುದೂ ಅವಳೇ. ಮಾತ್ರೆ ಬೇಕಾದರೆ ಎರಡನೇ ಮಹಡಿಯ ಮನೋವೈದ್ಯರು, ಅವರು ವೈದ್ಯಕೀಯ ಓದಿದವರು. ಉಳಿದವರು ಔಷಧಿ ಬರೆಯುವುದಿಲ್ಲ, ಮಾತೇ ಅವರ ಮದ್ದು. ಐದನೆಯದರಲ್ಲಿ ಮಂಚದ ಮೇಲೆ ಮಲಗಿ ಬಾಲ್ಯದಿಂದ ಹೇಳುತ್ತ ಬರಬೇಕು, ವರ್ಷಗಟ್ಟಲೆ. ಏಳನೆಯದಕ್ಕೆ ಗಂಡ ಹೆಂಡತಿ ಜೊತೆಯಲ್ಲೇ ಹೋಗಬೇಕು. ಅಲ್ಲಿಗೆ ಬಂದುಹೋಗುವವರು ಬೀದಿಯಲ್ಲಿ ಕಂಡರೆ ನೆಲಿದಾ ಗುರುತು ತೋರಿಸುವುದಿಲ್ಲ.

ಇಷ್ಟು ತಿಳಿದವಳು ತನ್ನ ಸರದಿ ಬಂದಾಗ ಹೃದಯದ ಡಾಕ್ಟರ ಬಳಿ ನಾಲ್ಕು ಸಲ ಓಡಿದಳು. ನಾಲ್ಕೂ ಸಲ ಎದೆ ಗಟ್ಟಿಮುಟ್ಟಾಗಿದೆ ಎಂದರು. ಕೊನೆಗೆ ಅಕ್ಟೋಬರಿನಲ್ಲಿ ಆರನೇ ಮಹಡಿಯ ಚಿಕಿತ್ಸಕಿ ಮಿರ್ತಾ ಕಪ್ಲಾನ್ ಬಳಿ, ಕಸದ ಬುಟ್ಟಿ ತೆಗೆಯುವ ನೆಪದಲ್ಲಿ ಹೋಗಿ, ಹೇಳಿಯೇಬಿಟ್ಟಳು. ಮಿರ್ತಾ ಕುರ್ಚಿ ಎಳೆದು ಕೂರಿಸಿ ಎಲ್ಲ ಕೇಳಿದರು. ಆದರೆ ತಾವು ಚಿಕಿತ್ಸೆ ಕೊಡಲಾಗದು ಎಂದರು.

"ಇಪ್ಪತ್ತು ವರ್ಷ ನಿಮ್ಮ ಗಂಟೆ ಉಜ್ಜಿದೀನಿ. ನಾನು ಅಷ್ಟು ಬೇಡವಾದೆನಾ?"

"ದಿನಾ ಬೆಳಿಗ್ಗೆ ನಾವಿಬ್ರೂ ಮುಖ ನೋಡ್ಕೋಬೇಕಲ್ಲ ನೆಲಿದಾ. ಚಿಕಿತ್ಸೆ ಅಂದ್ಮೇಲೆ ಈ ಕಟ್ಟಡದವರನ್ನ, ನನ್ನನ್ನೂ, ನೀವು ಬಾಯ್ತುಂಬ ಬೈಯೋ ಹಾಗಿರ್ಬೇಕು. ನನ್ನ ಹತ್ರ ಆಗುತ್ತಾ ಅದು?"

ಹೀಗೆ ಅವಳು ಮಿರ್ತಾ ಹೇಳಿದ ಡೆಲಿಯಾ ಬುಸ್ತೋಸ್ ಎಂಬ ಚಿಕಿತ್ಸಕಿಯನ್ನು ಹುಡುಕಿಕೊಂಡು ಇನ್ನೊಂದು ಬಡಾವಣೆಯಾದ ಫ್ಲೋರೆಸ್‌ಗೆ ಹೋದಳು, ಮೊದಲ ಸಲ ನಡೆದೇ. ಅಲ್ಲಿ ಮಂಚವಿರಲಿಲ್ಲ, ಹೋಂವರ್ಕ್ ಇತ್ತು. ಈ ವಾರ ಬಸ್ಸಿನಲ್ಲಿ ಒಂದು ನಿಲ್ದಾಣ, ಮುಂದಿನ ವಾರ ಮೂರು. ಪ್ರತಿ ಸಲ ಇಳಿದು ಓಡಿದ್ದರಿಂದಲೇ ಭಯ ಕೊಬ್ಬಿದೆ, ಕೂತು ನೋಡಿದರೆ ಏರಿದ್ದು ತಾನೇ ಇಳಿಯುತ್ತದೆ ಎಂದು ಡೆಲಿಯಾ ಗುಡ್ಡದ ಚಿತ್ರ ಬರೆದು ತೋರಿಸಿದಳಂತೆ. ಮೇಳದ ಅಭ್ಯಾಸದ ದಿನ ನೆಲಿದಾ ನಮಗೆ ವರದಿ ಒಪ್ಪಿಸುತ್ತಿದ್ದಳು. ಏಳು ನಿಲ್ದಾಣ ದಾಟಿದ ವಾರ ಮೇಳವೇ ಕುಣಿಯಿತು.

ಆಮೇಲೆ ಫೆಬ್ರವರಿ ಬಂತು. ಕಾರ್ನಿವಲ್ಲಿನ ತಿಂಗಳು, ಊರಿನ ಚಿಕಿತ್ಸಕರೆಲ್ಲ ಒಟ್ಟಿಗೇ ಬೇಸಿಗೆ ರಜೆಗೆ ಸಮುದ್ರತೀರಕ್ಕೆ ಹೊರಟುಹೋಗುವ ತಿಂಗಳೂ ಅದೇ. ಡೆಲಿಯಾಳೂ ಹೋದಳು. ಮೆರವಣಿಗೆಯ ಶನಿವಾರ ನಲವತ್ತು ಜನ, ಡೋಲುಗಳು, ಮಿನುಗುವ ಅಂಗಿಗಳು, ಒಂದು ಹಳೆಯ ಬಸ್ಸು, ಅದಕ್ಕೆ ಒಂದೇ ಬಾಗಿಲು. ನೆಲಿದಾ ಬಂದಳು. ತುಟಿ ಬಿಗಿದು ಹತ್ತಿ, ನನ್ನ ಪಕ್ಕ ಕೂತಳು.

ರೈಲು ಗೇಟು ಬಿದ್ದು ಬಸ್ಸು ನಿಂತಿತು. ಹಿಂದೆ ಮುಂದೆ ಲಾರಿಗಳು, ಒಳಗೆ ಕುದಿಯುವ ಸೆಕೆ. ಅವಳ ಕೈ ನನ್ನ ತೋಳನ್ನು ಹಿಡಿಯಿತು, ಉಗುರು ನಾಟುವಷ್ಟು. ಹಣೆಯ ಬಣ್ಣ ಬೆವರಿಗೆ ಕರಗಿ ಇಳಿಯಿತು. ಹಾಡುತ್ತಿದ್ದವರು ಹಾಡು ನಿಲ್ಲಿಸಿದರು. ಚಾಲಕ ರೂಬೆನ್ ಕನ್ನಡಿಯಲ್ಲಿ ನೋಡಿ, ಬಾಗಿಲು ತೆಗೆಯಲೇ ಎಂದು ಕೇಳಿದ.

"ಬೇಡ ಕಣೋ. ಅರ್ಧಕ್ಕೇ ಇಳಿದ್ರೆ ಇದು ಹೇಗೆ ಮುಗಿಯುತ್ತೆ ಅಂತ ನನಗೆ ಗೊತ್ತಾಗೋದು ಯಾವಾಗ? ನೀವು ಹಾಡಿ. ನನ್ನನ್ನೇನು ನೋಡ್ತೀರಾ."

ಹಾಡಿದೆವು, ಶ್ರುತಿ ತಪ್ಪಿ. ಒಂದು ರೈಲು ಹೋಯಿತು, ಎದುರಿನಿಂದ ಇನ್ನೊಂದು. ಗೇಟು ಏಳಲಿಲ್ಲ. ಆದರೆ ನನ್ನ ತೋಳಿನ ಮೇಲಿನ ಹಿಡಿತ ಒಂದೊಂದೇ ಬೆರಳಾಗಿ ಸಡಿಲವಾಯಿತು.

"ಇಳೀತು," ಎಂದಳು, ಯಾರೋ ತನಗೆ ಸುದ್ದಿ ತಂದ ಹಾಗೆ. "ಬಾಗಿಲು ಮುಚ್ಚೇ ಇದೆ. ಇಳೀತು ನೋಡು."

ಬಸ್ಸಿನೊಳಗೆ ಎದ್ದ ಕೇಕೆಗೆ ಪಕ್ಕದ ಲಾರಿಯವನು ಹಾರ್ನ್ ಹೊಡೆದ. ಹಿಂದಿನ ಸೀಟಿನಿಂದ ಹಾಡುಗಾರ ಒರಾಸಿಯೋ ಬಗ್ಗಿ, ಅಕ್ಕಾ, ನನಗೂ ವಿಮಾನದ ಭಯ, ನಿನ್ನ ಆ ಚಿಕಿತ್ಸಕಿಯ ನಂಬರ್ ಕೊಡು ಎಂದ. ಆಕೆ ಮಾರ್ಚ್‌ವರೆಗೆ ಸಿಗೋದಿಲ್ಲ, ಅಲ್ಲಿವರೆಗೆ ಭಯಪಡ್ತಾ ಇರು ಎಂದು ಹೇಳಿ ನೆಲಿದಾ ಡೋಲನ್ನು ತೊಡೆಯ ಮೇಲೆ ಎಳೆದುಕೊಂಡಳು. ಗೇಟು ಎದ್ದಾಗ ಅವಳು ಆಗಲೇ ಬಾರಿಸುತ್ತಿದ್ದಳು.