ಬೀರು ತೆಗೆದವನು

ಕೀಲಿಯಣ್ಣನ ಅಂಗಡಿ ಇರುವುದು ಬ್ಯಾಂಕಿನ ಮಹಡಿ ಮೆಟ್ಟಿಲ ಕೆಳಗೆ. ಒಳಗೆ ಒಬ್ಬರು ಕೂರಬಹುದು. ಇನ್ನೊಬ್ಬರು ಬಂದರೆ ಅವರ ಮೊಣಕಾಲು ರಸ್ತೆಯಲ್ಲಿರುತ್ತದೆ. ಗೋಡೆಯ ಮೊಳೆಗಳಿಗೆ ಇನ್ನೂ ಹಲ್ಲು ಕೊರೆಯದ ಕೀಲಿಗಳ ಗೊಂಚಲು, ಹಲಗೆಯ ಮೇಲೆ ಮೂರು ಅರ, ಒಂದು ಎಣ್ಣೆ ಡಬ್ಬಿ. ಹೊರಗೆ ‘ಎಲ್ಲ ಬಗೆಯ ಬೀಗ ರಿಪೇರಿ’ ಎಂಬ ಬೋರ್ಡು. ಅದನ್ನು ಓದಿ, “ಬೀಗರನ್ನೂ ರಿಪೇರಿ ಮಾಡ್ತೀಯೇನಯ್ಯಾ?” ಎಂದು ಕೇಳದೆ ಹೋದವರು ಕಡಿಮೆ.

“ಬೀಗಕ್ಕೆ ಎಣ್ಣೆ ಬಿಟ್ರೆ ತಿರುಗತ್ತೆ ಸಾರ್. ಬೀಗರು ತಿರುಗಿಬಿದ್ರೆ ನನ್ನ ಕೈಲಾಗಲ್ಲ” ಎನ್ನುತ್ತಿದ್ದ. ಈಗ ಆ ಮಾತು ಆಡುವುದಿಲ್ಲ.

ಅವನ ಕಸುಬಿಗೆಲ್ಲ ಒಂದೇ ಕ್ರಿಯಾಪದ ಸಾಕು: ತೆಗೆಯುವುದು. ಬೀಗ ತೆಗೆದೆ, ಬಾಗಿಲು ತೆಗೆದೆ, ಬೀರು ತೆಗೆದೆ. ತೆಗೆದ ಕೂಡಲೇ ಗೋಡೆಯ ಕಡೆ ಮುಖ ಮಾಡಿ ನಿಲ್ಲುವುದು ಅವನ ಪದ್ಧತಿ. ಕೆಲಸ ಕಲಿಸಿದ ಮುದುಕನಿಂದ ಬಂದದ್ದಂತೆ. ನನ್ನ ಬೀರುವಿನ ಕೀಲಿ ಕಳೆದ ದಿನವೂ ಹಾಗೆಯೇ ಮಾಡಿದ.

“ತೆಗೆದಿದ್ದೀನಿ ಅಮ್ಮಾ, ನೋಡ್ಕೊಳ್ಳಿ” ಎಂದು ಗೋಡೆಗೆ ತಿರುಗಿದವನು, ನಾನು ಒಳಗಿನದನ್ನೆಲ್ಲ ಸರಿಮಾಡಿ ಮುಗಿಸುವವರೆಗೂ ಅಲುಗಲಿಲ್ಲ.

“ಇಷ್ಟೊಂದು ನಾಚಿಕೆ ಯಾಕಪ್ಪ? ಒಳಗಿರೋದು ಸೀರೆ, ಪುಸ್ತಕ” ಎಂದೆ.

“ಏನಿದೆ ಅಂತ ಗೊತ್ತಾದ್ರೆ ಅದೂ ಒಂದು ಭಾರ ಅಮ್ಮಾ. ಅಂದ್ಹಾಗೆ, ನಿಮ್ಮ ಕ್ಯಾಲೆಂಡರು ಇನ್ನೂ ಹೋದ ತಿಂಗಳಲ್ಲೇ ನಿಂತಿದೆ.”

ಹತ್ತು ದಿನದ ಮೇಲೆ ನಾನು ಊರಿನಲ್ಲಿಲ್ಲದಾಗ ಮನೆಗೆ ಕಳ್ಳರು ನುಗ್ಗಿದರು. ಹಿತ್ತಿಲ ಚಿಲಕ ಮುರಿದಿತ್ತು, ಬೀರುವಿನ ಬಾಗಿಲನ್ನು ಮೀಟಿ ಬಗ್ಗಿಸಿದ್ದರು, ನನ್ನ ತಾಯಿಯ ನಾಲ್ಕು ಬಳೆ ಇರಲಿಲ್ಲ. ಆಚೆಮನೆಯವರು, ಕೀಲಿಯವನು ಬಂದುಹೋಗಿದ್ದನ್ನು ಪೊಲೀಸರಿಗೆ ಹೇಳಿದರು. ಅಷ್ಟು ಸಾಕಾಯಿತು.

“ಬೀಗ ತೆಗೆಯೋಕೆ ಗೊತ್ತಿರೋನು ಚಿಲಕ ಯಾಕ್ರೀ ಮುರೀತಾನೆ? ಬೀರು ತೆಗೆದಾಗ ಒಳಗೆ ಕಣ್ಣು ಕೂಡ ಹಾಯಿಸಲಿಲ್ಲ ಅವನು” ಎಂದು ಇನ್ಸ್‌ಪೆಕ್ಟರಿಗೆ ಹೇಳಿದೆ.

“ಅದನ್ನ ನಮಗೆ ಬಿಡಿ ಮೇಡಂ.”

ಬರೆದುಕೊಂಡ ದೂರನ್ನು ಓದಿದೆ. ಈ ಎರಡು ಮಾತೂ ಅದರಲ್ಲಿರಲಿಲ್ಲ. ಕೇಳಿದ್ದಕ್ಕೆ, “ಆಮೇಲೆ ವಿಚಾರಣೇಲಿ ಬರತ್ತೆ” ಎಂದರು. ಸಹಿ ಹಾಕಿದೆ. ಮೂವತ್ತೆರಡು ವರ್ಷ ಕಾಲೇಜಿನಲ್ಲಿ ವ್ಯಾಕರಣ ಕಲಿಸಿದವಳು, ಬಿಟ್ಟುಹೋದ ವಾಕ್ಯವನ್ನು ಕಂಡೂ ಸಹಿ ಹಾಕಿದೆ. ಇದಕ್ಕೆ ನನ್ನಲ್ಲಿ ಸಮಜಾಯಿಷಿ ಇಲ್ಲ.

ಠಾಣೆಗೆ ಹಿಡಿದುಕೊಂಡು ಹೋದಾಗಲೂ ಕೀಲಿಯಣ್ಣನಿಗೆ ಹೆದರಿಕೆಯೇ ಆಗಿರಲಿಲ್ಲ. ಆ ಠಾಣೆಯ ರೈಟರು ಅವನ ಸ್ವಂತ ಅಕ್ಕನ ಗಂಡ. ಎಲ್ಲರ ಹೇಳಿಕೆ ಬರೆದುಕೊಳ್ಳುವುದೇ ಆತನ ಕೆಲಸ. ಇವನು, “ಹೌದು, ಬೀರು ನಾನೇ ತೆಗೆದೆ, ಅಮ್ಮನೋರು ಕರೆದಿದ್ರು” ಎಂದ. ಭಾವ ಬರೆದ. ಓದಲು ಇವನಿಗೆ ಚೆನ್ನಾಗಿಯೇ ಬರುತ್ತಿತ್ತು. ಆದರೆ ಭಾವ ಬರೆದದ್ದನ್ನು ಭಾವನ ಎದುರಿಗೇ ಓದಿ ನೋಡುವುದು ಮರ್ಯಾದೆಯಲ್ಲ ಎಂದುಕೊಂಡ.

“ಸಹಿ ಹಾಕು, ಸಂಜೆಗೆ ಮನೇಲಿರ್ತೀಯ” ಎಂದನಂತೆ ಭಾವ.

ಕಾಗದದಲ್ಲಿ ಇದ್ದದ್ದು: ‘ಬೀರುವಿನಿಂದ ನಾನೇ ತೆಗೆದೆ.’ ‘ಕರೆದಿದ್ದರು’ ಎಂಬ ಮಾತೇ ಇಲ್ಲ. ಒಂದು ‘ಇಂದ’ ಸೇರಿದ್ದೇ ತಡ, ಬಾಗಿಲು ತೆರೆದವನು ಬಳೆ ಕದ್ದವನಾದ. ಆ ಸಂಜೆ ಹನ್ನೊಂದು ತಿಂಗಳಾದ ಮೇಲೆ ಬಂತು.

ಜೈಲಿನಲ್ಲಿ ಅವನು ಎದೆಯಲ್ಲಿಟ್ಟುಕೊಂಡು ಕಾದದ್ದು ಒಂದೇ ಆಸೆಯನ್ನು: ಭಾವ ಕೋರ್ಟಿನಲ್ಲಿ ನಿಂತು, ‘ಇಂದ’ ನನ್ನ ಕೈತಪ್ಪು, ಅವನಾಡಿದ ಮಾತಲ್ಲ ಎನ್ನುತ್ತಾನೆ. ನೋಡಲು ಹೋದಾಗಲೆಲ್ಲ ನನಗೆ ಸಮಾಧಾನ ಹೇಳುತ್ತಿದ್ದವನು ಅವನೇ. “ಭಾವ ಇದ್ದಾರಲ್ಲ ಅಮ್ಮಾ. ಅಕ್ಕನ ಮದುವೇಲಿ ನಾನೇ ಅವರ ಚಪ್ಪಲಿ ಬಚ್ಚಿಟ್ಟು ಸತಾಯಿಸಿದ್ದೆ. ಅದನ್ನೇ ಮನಸ್ಸಲ್ಲಿಟ್ಕೊಂಡಿಲ್ಲ.” ಅಕ್ಕ ಬಂದದ್ದು ಒಂದೇ ಸಲ. ಕಂಬಿಯಾಚೆ ಕಣ್ಣು ತಪ್ಪಿಸಿ, “ಅವರ ಕೆಲಸ ಹೋದ್ರೆ ನಾನೆಲ್ಲಿಗೆ ಹೋಗಲೋ?” ಎಂದಳಂತೆ. ಆಗಲೂ ಇವನಿಗೆ ಅರ್ಥವಾಗಲಿಲ್ಲ.

ಭಾವ ಕೋರ್ಟಿಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದ. “ಆರೋಪಿ ಹೇಳಿದ್ದನ್ನ ಹೇಳಿದ ಹಾಗೇ ಬರ್ಕೊಂಡಿದ್ದೀನಿ” ಎಂದ. ‘ಆರೋಪಿ’ ಎಂದಾಗ ಕೀಲಿಯಣ್ಣ ತಲೆಯೆತ್ತಿ ನೋಡಿದ; ಬೇರೆ ಯಾರನ್ನೋ ಕರೆದರೇನೋ ಎಂಬಂತೆ ಅತ್ತಿತ್ತ ನೋಡಿದ.

ಮರುದಿನ ನನ್ನ ಸರದಿ. ಚಿಲಕದ ಮಾತು ಹೇಳಿದೆ, ಗೋಡೆಯ ಮಾತು ಹೇಳಿದೆ. “ಬೀರುವಿನಲ್ಲಿ ಬಳೆ ಯಾವ ಖಾನೇಲಿತ್ತು ಅಂತ ಕೇಳಿದ್ರೆ ಅವನಿಗೆ ಗೊತ್ತಿಲ್ಲ. ಕ್ಯಾಲೆಂಡರು ಯಾವ ತಿಂಗಳಲ್ಲಿತ್ತು ಅಂತ ಕೇಳಿ, ಹೇಳ್ತಾನೆ” ಎಂದೆ. ಕೇಳಿದರು; ಹೇಳಿದ. ‘ಸಂಶಯದ ಲಾಭ’ ಕೊಟ್ಟು ಬಿಟ್ಟರು. ನಿರಪರಾಧಿ ಎನ್ನಲು ಆ ತೀರ್ಪಿಗೆ ಬಾಯಿ ಬರಲಿಲ್ಲ. ನನ್ನ ಬಳೆಗಳನ್ನಂತೂ ಯಾರೂ ಹುಡುಕಲಿಲ್ಲ. ಕಳ್ಳ ಸಿಕ್ಕಿದ್ದಾನಲ್ಲ ಎಂದು ಹನ್ನೊಂದು ತಿಂಗಳು ಕೂತವರು, ಆಮೇಲೆ ಹಳೆಯ ಕೇಸು ಎಂದು ಕೈ ಕೊಡವಿಕೊಂಡರು.

ಜನ ಈಗಲೂ ಅವನಿಂದ ಕೀಲಿ ಮಾಡಿಸುತ್ತಾರೆ, ಅಂಗಡಿಯಲ್ಲೇ, ಕಣ್ಣೆದುರಿಗೇ. ಮನೆಯೊಳಕ್ಕೆ ಯಾರೂ ಕರೆಯುವುದಿಲ್ಲ.

ಮೊನ್ನೆ ನಾನು ಆ ಮೆಟ್ಟಿಲ ಕೆಳಗೆ ಮೊಣಕಾಲು ಹೊರಗಿಟ್ಟು ಕೂತಿದ್ದೆ, ಹಿತ್ತಿಲ ಹೊಸ ಬೀಗಕ್ಕೆ ಇನ್ನೊಂದು ಕೀಲಿಗಾಗಿ. ಭಾವ ಬಂದು ನಿಂತ. ಎರಡು ವರ್ಷದಲ್ಲಿ ಮೊದಲ ಸಲ.

“ಏನಪ್ಪಾ, ದೊಡ್ಡ ಮನುಷ್ಯ ಆಗ್ಬಿಟ್ಟೆ, ಮನೆ ಕಡೆಗೇ ಬರಲ್ಲ. ನಮ್ಮ ಬೀರುವಿನ ಬೀಗದೊಳಗೆ ಕೀಲಿ ಮುರ್ಕೊಂಡಿದೆ. ಒಂದ್ಸಲ ಬಂದು ತೆಗೆದುಕೊಡು ಮಾರಾಯ. ನಿನ್ನ ಅಕ್ಕನ ಒಡವೆಯೆಲ್ಲ ಒಳಗೇ ಇದೆ.”

ಕೀಲಿಯಣ್ಣ ಅರ ಕೆಳಗಿಟ್ಟ. ಒಂದು ಹಾಳೆ, ಪೆನ್ನು ಮುಂದಕ್ಕೆ ತಳ್ಳಿದ.

“ಏನು ಕೆಲಸಕ್ಕೆ ಕರೀತಿದ್ದೀರಿ ಅಂತ ಬರೆದುಕೊಡಿ ಭಾವ.”

“ನನ್ನ ಮೇಲೆ ಅಷ್ಟೂ ನಂಬಿಕೆ ಇಲ್ವೇನೋ?”

“ಬರೀರಿ ಭಾವ.”

ಭಾವ ನನ್ನತ್ತ ನೋಡಿ ಹಲ್ಲು ಕಿರಿದ. ನಾನು ನಗಲಿಲ್ಲ. ನಿಂತಲ್ಲೇ ಎರಡು ಸಾಲು ಗೀಚಿ ಕೊಟ್ಟ. ಕೀಲಿಯಣ್ಣ ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು, ಅವನೆದುರಿಗೇ, ಗಟ್ಟಿಯಾಗಿ ಓದಿದ: “ಬೀರು ತೆಗೆಯಲು ನಾನೇ ಕರೆಸಿದ್ದೇನೆ. ಬೀರುವಿನಿಂದ ಏನಾದರೂ ತೆಗೆಯುವುದಿದ್ದರೆ ಅದನ್ನು ಮನೆಯವರೇ ತೆಗೆಯುತ್ತಾರೆ.”

ಒಂದು ಅಕ್ಷರ ತಪ್ಪಿರಲಿಲ್ಲ. ‘ಇಂದ’ ಎಲ್ಲಿ ಬೇಡವೋ ಅಲ್ಲಿ ಇರಲಿಲ್ಲ, ಎಲ್ಲಿ ಬೇಕೋ ಅಲ್ಲಿತ್ತು.

“ಎಷ್ಟು ಚೆನ್ನಾಗಿ ಬರುತ್ತಲ್ಲ ಭಾವ ನಿಮಗೆ” ಎಂದ ಕೀಲಿಯಣ್ಣ. ಇಷ್ಟು ದಿನ ಕೈತಪ್ಪು ಎಂದೇ ನಂಬಿಕೊಂಡಿದ್ದ.

ಹಾಳೆಯನ್ನು ಮಡಿಸಿ ಜೇಬಿಗೆ ಹಾಕಿಕೊಂಡ. ಮತ್ತೆ ಅರ ಎತ್ತಿಕೊಂಡು ನನ್ನ ಕೀಲಿಯ ಹಲ್ಲು ಉಜ್ಜತೊಡಗಿದ.

“ನಾಳೆ ಬಂದು ತೆಗೀತೀನಿ. ಅಕ್ಕನಿಗೆ ಹೇಳಿಬಿಡಿ, ಗೋಡೆ ಕಡೆ ತಿರುಗಿ ನಿಲ್ಲಲ್ಲ.”