ಅತ್ತೆಯ ಉಪವಾಸ, ನನ್ನ ಕೆಂಪು ದೀಪ

ಆ ಸೋಮವಾರ ನನ್ನ ಸೋದರತ್ತೆ ಶಾಂತಮ್ಮ ಉಪವಾಸ ಮುರಿದಿರಲಿಲ್ಲ. ಮುರಿದರೆಂದು ಹೇಳಿದವನು ನಾನು. ಅದು ಸುಳ್ಳೆಂದು ತಿಳಿದ ಮೇಲೂ ಹದಿನಾಲ್ಕು ವರ್ಷ ಸುಮ್ಮನಿದ್ದವನೂ ನಾನೇ.

ಎಂಬತ್ತರ ದಶಕದ ಆರಂಭ. ಎಂ.ಎಸ್ಸಿ. ಮುಗಿಸಿ ಸಂಶೋಧನೆಗೆ ಸೇರಿದ್ದೆ. ಒಂದು ಹನಿ ರಕ್ತದಲ್ಲಿ ಎಷ್ಟು ಸಕ್ಕರೆ ಇದೆಯೆಂದು ಬೆಳಕಿನಿಂದ ಅಳೆಯುವುದು ನನ್ನ ವಿಷಯ. ರಾಸಾಯನಿಕ ಹಚ್ಚಿದ ಕಾಗದದ ಪಟ್ಟಿಯ ಮೇಲೆ ರಕ್ತ ಬಿದ್ದರೆ, ಸಕ್ಕರೆ ಇದ್ದಷ್ಟೂ ಅದು ನೀಲಿಯಾಗುತ್ತದೆ. ನೀಲಿಯಾದಷ್ಟೂ ಕೆಂಪು ಬೆಳಕನ್ನು ನುಂಗುತ್ತದೆ. ಮೀಟರಿನ ಮುಳ್ಳು ಕೆಳಗಿಳಿಯುತ್ತದೆ. ಒಂದು ಕೆಂಪು ದೀಪ, ಮೀಟರು, ಇಷ್ಟನ್ನೂ ಒಂದು ಟಿಫಿನ್ ಡಬ್ಬಿಯಲ್ಲಿ ಕೂರಿಸಿದ್ದೆ. ಜಗತ್ತು ಆ ಡಬ್ಬಿಗಾಗಿಯೇ ಕಾದಿದೆ ಎಂದೂ ನಂಬಿದ್ದೆ.

ಖಾಲಿ ಹೊಟ್ಟೆಯ ರಕ್ತ ಬೇಕಿತ್ತು. ಏನೂ ತಿಂದಿಲ್ಲ ಅನ್ನುವವರನ್ನು ನಂಬುವುದು ಹೇಗೆ? ಆಗ ಹೊಳೆಯಿತು — ಶ್ರಾವಣ ಸೋಮವಾರ! ಆಳಂದದ ಹತ್ತಿರದ ಹಳ್ಳಿ ಸರಸಂಬಾದ ಅತ್ತೆಯ ಮನೆಯಲ್ಲಿ ಅಂದು ಸಂಜೆಯ ಲಿಂಗಪೂಜೆಯ ತನಕ ಯಾರೂ ಏನೂ ಮುಟ್ಟುವುದಿಲ್ಲ. ಅದು ಎರಡನೆಯ ಸೋಮವಾರವೋ ಮೂರನೆಯದೋ — ನೆನಪು ಪ್ರತಿಸಲ ಬೇರೆ ಹೇಳುತ್ತದೆ. ಅದರಲ್ಲಿ ಸಣ್ಣ ಮಳೆಯೂ ಇದೆ. ಆ ಮಳೆಯನ್ನು ನಾನೇ ಸೇರಿಸಿರಬೇಕು.

ಮನೆಯವರು, ಓಣಿಯವರು ಸೇರಿ ಹನ್ನೆರಡು ಜನ ಪಡಸಾಲೆಯಲ್ಲಿ ಸಾಲಾಗಿ ಬೆರಳು ಚಾಚಿದರು. ಆರು ಜನರದು ಸರಿ. ಏಳನೆಯವರು ಅತ್ತೆ. ಪಟ್ಟಿ ಕಡುನೀಲಿ, ಮುಳ್ಳು ತಳಕ್ಕೆ.

"ಅತ್ತಿ, ಖರೇ ಹೇಳು. ಬೆಲ್ಲದ ಡಬ್ಬಿ ತಗದೀ ಹೌದಿಲ್ಲೊ?"

"ಲಿಂಗದ ಆಣಿ, ಹನಿ ನೀರ್ ಸೈತ ಕುಡದಿಲ್ಲಪಾ."

"ಮಷಿನ್ ಸುಳ್ಳ ಹೇಳಂಗಿಲ್ಲ."

ಈ ಮೂರು ಪದ — ಇವನ್ನು ಮಾತ್ರ ನೆನಪು ಇಂದಿಗೂ ತಿದ್ದಿಲ್ಲ.

ಅತ್ತೆಯ ಗಂಡ, ನನ್ನ ಮಾವ, ತೊಡೆ ಬಡಿದುಕೊಂಡು ನಕ್ಕರು. "ಅಬಬಬಾ! ಊರಿಗೆಲ್ಲಾ ವ್ರತಾ ಕಲಿಸ್ತಾಳ, ಮನ್ಯಾಗ ಬೆಲ್ಲಾ ಮುಕ್ಕತಾಳ! ಮೂವತ್ತು ವರ್ಷ ನನಗ ಗೊತ್ತಾಗ್ಲಿಲ್ಲ ನೋಡ್ಲೇ!" ಎಲ್ಲರೂ ನಕ್ಕರು, ಎಲ್ಲರಿಗಿಂತ ಜೋರಾಗಿ ನಾನು. ಅತ್ತೆಯೂ ನಕ್ಕಂತೆ ನೆನಪು. ನನಗೆ ಬಹಳ ಅನುಕೂಲವಾದ ನೆನಪು ಅದು, ಆದ್ದರಿಂದಲೇ ನಂಬುವುದಿಲ್ಲ.

ಪ್ರಬಂಧದ ಕರಡಿನಲ್ಲಿ ಬರೆದೆ: ಏಳನೆಯ ವ್ಯಕ್ತಿ ಉಪವಾಸ ಪಾಲಿಸದ ಕಾರಣ ಕೈಬಿಡಲಾಗಿದೆ. ನನ್ನ ಮಾರ್ಗದರ್ಶಕರು ಅದನ್ನೋದಿ ಕನ್ನಡಕ ತೆಗೆದರು. "ಒಂದ್ ತುಣುಕು ಬೆಲ್ಲಕ್ಕ ಇಷ್ಟು ಏರೂದಿಲ್ಲೋ. ಆ ತಾಯಿಗಿ ಸಕ್ಕರಿ ಬ್ಯಾನಿ ಇದ್ದೀತು. ಮೊದಲ ಡಾಕ್ಟರಿಗೆ ತೋರ್ಸು."

ಅಂದರೆ ಯಂತ್ರ ಸರಿಯಾಗಿಯೇ ಹೇಳಿತ್ತು. ಅತ್ತೆಯೂ. ನಡುವೆ ನಿಂತು ಅರ್ಥ ಹೇಳಿದವನು —

ಊರಿಗೆ ಕಾಗದ ಬರೆದೆ: ವಯಸ್ಸಾಯಿತು, ಆಳಂದದಲ್ಲಿ ಒಮ್ಮೆ ತೋರಿಸಿಕೊಳ್ಳಿ. ಇನ್ನೊಂದು ಸಾಲು ಬರೆದಿದ್ದರೆ ಸಾಕಿತ್ತು. ಕಾರ್ಡಿನಲ್ಲಿ ಜಾಗವೂ ಇತ್ತು. ಬರೆಯಲಿಲ್ಲ. ಪ್ರಬಂಧದ ವಾಕ್ಯವನ್ನೂ ಹಾಗೆಯೇ ಅಚ್ಚಿಗೆ ಬಿಟ್ಟೆ.

ಡಾಕ್ಟರು ಸಕ್ಕರೆ ಕಾಯಿಲೆ ಎಂದರು, ಗುಳಿಗೆ ಕೊಟ್ಟರು, ಇನ್ನು ಉಪವಾಸ ಕೂಡದು ಎಂದರು. ಅತ್ತೆ ಗಟ್ಟಿಯಾದರು. ಆದರೆ ಮನೆಗೆ ಹೊಸ ನಗೆ ಸಿಕ್ಕಿತು. "ಕದ್ದ ಬೆಲ್ಲ ಮೈಯಾಗ ಹೊರಬಿತ್ತು. ಇನ್ನ ರಾಜಾರೋಷ ತಿನ್ನು!" ಎಂದರು ಮಾವ. ವ್ರತದ ನೇಮ ಕೇಳಲು ಬರುತ್ತಿದ್ದ ಓಣಿಯ ಹೆಂಗಸರು ಬರುವುದು ಬಿಟ್ಟರು. ಉಪವಾಸ ಮಾಡಿ ತೋರಿಸೋಣವೆಂದರೆ ಅತ್ತೆಗೆ ಅದೂ ಉಳಿದಿರಲಿಲ್ಲ.

ಹೋದ ತಿಂಗಳು ಹೋಗಿ ಎಲ್ಲ ಹೇಳಿದೆ. ಅತ್ತೆ ಜೋಳ ಹಸನು ಮಾಡುತ್ತಿದ್ದರು, ಮೊರ ನಿಲ್ಲಲಿಲ್ಲ.

"ನಾ ತಿಂದಿಲ್ಲಂತ ನನಗ ಹೇಳಾಕ ಬಂದೀ ಏನ್ಲೇ? ಅದು ನನಗ ಗೊತ್ತದ. ನಕ್ಕವರಿಗೆ ಹೋಗಿ ಹೇಳು."

ಹೋದೆ, ಮನೆ ಮನೆಗೆ. ಅತ್ತೆ ಹಿಂದಿನಿಂದ ಬರುತ್ತ ಮುಂದಿನ ಬಾಗಿಲು ತೋರಿಸುತ್ತಿದ್ದರು. ಅವರಿಗದು ಜಾತ್ರೆಯ ಸಂಭ್ರಮ. "ಇಷ್ಟು ಓದಿದವ್ರು ಹಿಂಗ ಮಾಡ್ತಾರೇನ್ರಿ, ಸಾಹೇಬ್ರ?" ಎಂದಳು ಪಕ್ಕದ ಮನೆಯ ಮಹಬೂಬಿ. ಓಣಿ ನಕ್ಕಿತು, ಈ ಸಲ ನನ್ನನ್ನು ನೋಡಿ. ಹಾಯೆನಿಸಿತು ಕೂಡ.

"ಎಲ್ಲಾರಿಗೂ ಹೇಳಿದ್ನಲ್ಲ, ಅತ್ತಿ," ಎಂದೆ.

ಅತ್ತೆ ಬೆರಳು ಮಡಚಿ ಲೆಕ್ಕ ಹಾಕಿದರು. "ನಿಮ್ಮ ಮಾವಗ?"

ಮಾವ ತೀರಿಕೊಂಡು ಮೂರು ವರ್ಷ. ಕೊನೆಯತನಕ ಅವರು ನನ್ನ ಮಾತನ್ನೇ ನಂಬಿದ್ದರು.