ಇಳಿಜಾರಿನಲ್ಲಿ ಬಿಟ್ಟ ಟ್ರಾಲಿ

ಹಾಸನದ ರಿಂಗ್ ರಸ್ತೆಯ ಸೂಪರ್ ಬಜಾರೊಂದರ ಪಾರ್ಕಿಂಗಿನಲ್ಲಿ ಸ್ವಲ್ಪ ಹೊತ್ತು ನಿಂತರೆ ಸಾಕು, ಮನುಷ್ಯರ ಮೇಲೆ ಉಳಿದಿರುವ ಅಲ್ಪಸ್ವಲ್ಪ ಗೌರವವೂ ಹೋಗುತ್ತದೆ. ಒಳಗೆ ಎಲ್ಲರೂ ಸಭ್ಯರು. ಎಸಿಯ ತಂಪಿನಲ್ಲಿ ಟ್ರಾಲಿಯೊಳಗೆ ಮಗು ಕೂರಿಸಿಕೊಂಡು ಮೆಲ್ಲಗೆ ತಳ್ಳುತ್ತಾರೆ, ಎದುರು ಬಂದವರಿಗೆ ದಾರಿ ಬಿಡುತ್ತಾರೆ. ಹೊರಗೆ ಬಂದು ಡಿಕ್ಕಿ ತುಂಬಿದ ಮರುಕ್ಷಣ ಅದೇ ಟ್ರಾಲಿ ಅವರಿಗೆ ಉಂಡು ಮಡಿಚಿದ ಎಲೆ. ಯಾರದೋ ಸ್ಕೂಟರಿನ ಹಿಂದೆಯೋ, ಇನ್ನೊಬ್ಬರ ಕಾರಿನ ಬಾಗಿಲಿಗೋ ಒರಗಿಸಿ ಹೊರಟೇ ಬಿಡುತ್ತಾರೆ. ಟ್ರಾಲಿ ನಿಲ್ಲಿಸುವ ಕಂಬಿಯ ಜಾಗ ಕಣ್ಣೆದುರೇ ಇರುತ್ತದೆ. ಕಾರಿಗೆ ಒರಗಿ ಸೆಲ್ಫಿ ತೆಗೆದುಕೊಳ್ಳುವಷ್ಟು ಹೊತ್ತಿನಲ್ಲಿ ಹೋಗಿ ಬರಬಹುದು.

ಕೇಳಿದರೆ ವಾದವೂ ಸಿದ್ಧ: "ನಾವೇ ತಳ್ಕಂಡೋಗಿ ಬುಟ್ರೆ ಗಾಡಿ ಎಳ್ದು ಜೋಡ್ಸೋ ಉಡುಗ್ರುಗೆ ಕೆಲ್ಸ ಎಲ್ಲೈತೆ?"

ಚರ್ಚಾಸ್ಪರ್ಧೆಗಳಲ್ಲಿ ನಾನು ಬಡಕಲು ವಾದಗಳನ್ನು ಬೇಕಾದಷ್ಟು ಕೇಳಿದ್ದೇನೆ. ಚನ್ನರಾಯಪಟ್ಟಣದಲ್ಲಿ ಒಬ್ಬ ವರದಕ್ಷಿಣೆಯ ಪರವಾಗಿ ಮಾತಾಡಿ ಸಮಾಧಾನಕರ ಬಹುಮಾನ ಹೊಡೆದಿದ್ದ. ಅವನೂ ಇಷ್ಟು ಕೆಳಗಿಳಿದಿರಲಿಲ್ಲ. ಇದೇ ತರ್ಕ ಹಿಡಿದರೆ ಪೌರಕಾರ್ಮಿಕರ ಅನ್ನಕ್ಕಾಗಿ ಬೀದಿಗೆ ಕಸ ಸುರಿಯಬೇಕು, ಡಾಕ್ಟರ ಹೊಟ್ಟೆಪಾಡಿಗಾಗಿ ಕಾಲು ಮುರಿದುಕೊಳ್ಳಬೇಕು. ಕಾಲು ಮಾತ್ರ ಯಾರೂ ಮುರಿದುಕೊಳ್ಳುವುದಿಲ್ಲ, ನೋಡಿ. ಈ ದಾನಶೂರರ ದಾನವೆಲ್ಲ ಮೈ ಬಗ್ಗಿಸಬೇಕಾದ ಕಡೆ ಮಾತ್ರ.

ಈ ವಾದವನ್ನು ನನ್ನ ಮುಖಕ್ಕೇ ಹೇಳಿದವರು ಅಕ್ಕನ ಗಂಡನಾಗಬೇಕಿದ್ದ ಹುಡುಗನ ದೊಡ್ಡಪ್ಪ. ಹೊಳೆನರಸೀಪುರದ ಕಡೆಯವರು. ಅವತ್ತು ಸಂಜೆ ಅರಕಲಗೂಡಿನ ನಮ್ಮ ಮನೆಗೆ ಬಂದು ಅಕ್ಕನಿಗೆ ಹೂ ಮುಡಿಸುವುದೆಂದು ಮಾತಾಗಿತ್ತು. ಹೂ ಮುಡಿಸಿದರೆ ಮದುವೆ ನಿಶ್ಚಯವಾದಂತೆ. ಆಮೇಲೆ ಬೇಡವೆಂದ ಹುಡುಗಿಗೆ ಊರು ತನಗೆ ತೋಚಿದ ಕಾರಣ ಕಟ್ಟುತ್ತದೆ. ಅಕ್ಕನಾದರೋ ಇನ್ನೂ ಹೂಂ ಅಂದಿರಲಿಲ್ಲ. "ಇವತ್ತು ಜೊತೇಲಿ ಓಡಾಡಿ, ನೋಡಿ ಹೇಳ್ತೀನಿ" ಎಂದಿದ್ದಳು.

"ಅವ್ನೇನ್ ಎತ್ತಾ, ಸುಳಿ ನೋಡಿ ತಗಳಕ್ಕೆ?" ಎಂದು ಅಮ್ಮ ಗದರಿದ್ದಳು.

ಹಾಸನದಲ್ಲಿ ಎರಡು ಮನೆಯವರೂ ಸೇರಿ ಸೀರೆ ತೆಗೆದು, ಶಾಸ್ತ್ರದ ಸಾಮಾನಿಗೆಂದು ಸೂಪರ್ ಬಜಾರಿಗೆ ಹೋದೆವು. ಟ್ರಾಲಿ ತಳ್ಳಿದವನು ಹುಡುಗನೇ. ಅಕ್ಕನ ಜೊತೆ ನಗುನಗುತ್ತಾ ಮಾತಾಡಿದ. ನೋಡಲು ಲಕ್ಷಣವಾಗಿಯೇ ಇದ್ದ, ಅದನ್ನು ಅಲ್ಲಗಳೆಯುವುದಿಲ್ಲ. ಅಕ್ಕ ಒಂದೊಂದೇ ತೆಂಗಿನಕಾಯಿ ಅಲ್ಲಾಡಿಸಿ, ನೀರಿನ ಸದ್ದು ಕೇಳಿ ಆರಿಸಿದಳು. ಕಾಯಿ, ಹಣ್ಣು, ಅರಿಶಿನ ಕುಂಕುಮದ ಚೀಲ ಟ್ರಾಲಿಯ ಕೆಳತಟ್ಟೆಗೆ ಹೋಯಿತು. ಹೊರಗೆ ಮೇಲಿನ ಸಾಮಾನನ್ನೆಲ್ಲ ಅವರ ಡಿಕ್ಕಿಗೆ ತುಂಬಿದ್ದಾಯಿತು. ಕೆಳಗೆ ಬಗ್ಗಿ ನೋಡಲು ಯಾರಿಗೂ ಹೊಳೆಯಲಿಲ್ಲ.

"ಸಾ, ಗಾಡಿ ಅಲ್ಲಿ ಬುಡಿ ಸಾ" ಎಂದು ಸೆಕ್ಯುರಿಟಿಯವನು ದೂರದಿಂದ ಕೂಗಿದ. ಹುಡುಗ ಎರಡು ಹೆಜ್ಜೆ ತಳ್ಳಿದ್ದನೋ ಏನೋ, ದೊಡ್ಡಪ್ಪ ತಡೆದರು.

"ಬುಡ್ಲಾ ಅಲ್ಲೇ. ಮದ್ವೆ ಗಂಡು ಕಣ್ಲಾ ನೀನು. ಬೀಗ್ರು ಏನನ್ಕಂಡಾರು?"

"ಬೀಗರ ಪೈಕಿ ನಾನಂತೂ ಏನೂ ಅಂದ್ಕೊಳಲ್ಲ" ಎಂದೆ. ಆಗ ಬಂದದ್ದೇ ಆ ಕೆಲಸ ಕೊಡುವ ವಾದ. ಹುಡುಗ ನಕ್ಕು ಟ್ರಾಲಿಯನ್ನು ಬೂಟಿನ ತುದಿಯಿಂದ ಅತ್ತ ನೂಕಿದ.

ಆ ಜಾಗ ರಸ್ತೆಯ ಕಡೆಗೆ ಇಳಿಜಾರು. ಟ್ರಾಲಿ ಕ್ಷಣ ಹೊತ್ತು ಯೋಚಿಸುವಂತೆ ನಿಂತಿತು, ಆಮೇಲೆ ಹೊರಟಿತು. ಕೆಳಗಡೆ ಹೆಂಗಸೊಬ್ಬಳು ಸ್ಕೂಟರಿನ ಮೇಲೆ ಅಕ್ಕಿ ಚೀಲ ಹೊಂದಿಸುತ್ತಿದ್ದಳು. ಟ್ರಾಲಿ ಹೋಗಿ ಗುದ್ದಿದ ರಭಸಕ್ಕೆ ಸ್ಕೂಟರ್ ಉರುಳಿ ಕನ್ನಡಿ ಚೂರಾಯಿತು, ಚೀಲ ಒಡೆದು ಅಕ್ಕಿ ಚೆಲ್ಲಿತು.

"ಯಾವ್ ಬಡ್ಡೆತ್ತದು ಬುಟ್ಟಿದ್ದು ಇದ?" ಎಂದು ಅವಳು ಅರಚಿದಳು. ಸೆಕ್ಯುರಿಟಿಯವನು ಟ್ರಾಲಿ ಎಳೆದುಕೊಂಡು ನೇರ ನಮ್ಮ ಹತ್ತಿರವೇ ಬಂದ.

"ನಮ್ದಲ್ಲ ಕಣಪ್ಪ" ಎಂದರು ದೊಡ್ಡಪ್ಪ.

"ನಾವ್ ಈಗ್ ತಾನೇ ಬಂದಿದ್ದು" ಎಂದ ಹುಡುಗ, ತುಂಬಿದ ಡಿಕ್ಕಿಯ ಮುಂದೆ ನಿಂತುಕೊಂಡು. ಸುಳ್ಳಿಗಾದರೂ ಒಂದಿಷ್ಟು ತಯಾರಿ ಬೇಡವೇ?

ಸೆಕ್ಯುರಿಟಿಯವನು ಬಗ್ಗಿ ಕೆಳತಟ್ಟೆಯ ಚೀಲ ಎತ್ತಿ ಹಿಡಿದ. "ಅಂಗಾರೆ ಈ ಅಣ್ಣು-ಕಾಯಿ ಯಾರ್ದು ಸಾ?"

ಹುಡುಗನ ತಾಯಿ ಬಾಯಿ ತೆರೆದರು. ದೊಡ್ಡಪ್ಪ ಕಣ್ಣು ಬಿಟ್ಟರು. ಆಕೆ ಬಾಯಿ ಮುಚ್ಚಿಕೊಂಡು ಕಾರಿನೊಳಗೆ ಕೂತರು. ಚೀಲ ನಮ್ಮದು ಎಂದರೆ ಟ್ರಾಲಿಯೂ ನಮ್ಮದಾಗುತ್ತದೆ. ಅಲ್ಲ ಎಂದರೆ ಸಂಜೆಯ ಶಾಸ್ತ್ರದ ಕಾಯಿ ಅನಾಥ. ತನ್ನನ್ನು ತಾನೇ ಇಷ್ಟು ಚೆಂದ ಕಟ್ಟಿಹಾಕಿಕೊಂಡ ಎದುರಾಳಿ ಯಾವ ವೇದಿಕೆಯಲ್ಲೂ ನನಗೆ ಸಿಕ್ಕಿರಲಿಲ್ಲ. ಇನ್ನೇನು ನಾನು ಶುರುಮಾಡಬೇಕು, ಅಷ್ಟರಲ್ಲಿ ಅಕ್ಕ ಹುಡುಗನನ್ನು ಕೇಳಿದಳು:

"ನೀವ್ ಹೇಳಿ. ಯಾರ್ದು?"

ಅವನು ದೊಡ್ಡಪ್ಪನ ಮುಖ ನೋಡಿದ. ಆಮೇಲೆ ದನಿ ತಗ್ಗಿಸಿ, "ಬುಡಿ, ಓಗ್ತಾ ಬ್ಯಾರೆ ಕಾಯ್ ತಗಂಡ್ರಾಯ್ತು" ಎಂದ.

ಅಕ್ಕ ಕೆಳಗೆ ನಡೆದಳು. ಆ ಹೆಂಗಸಿನ ಜೊತೆ ಸೇರಿ ಸ್ಕೂಟರ್ ಎತ್ತಿ, "ನಮ್ ಜೊತೆ ಬಂದೋರೇ ಬಿಟ್ಟಿದ್ದು ಅಕ್ಕ" ಎಂದಳು. ಅವಳು ಬೈದದ್ದನ್ನೆಲ್ಲ ನಿಂತು ಕೇಳಿಸಿಕೊಂಡಳು. ವಾಪಸು ಬಂದು ಅಮ್ಮನಿಗೆ ಹೇಳಿದಳು: "ಸಂಜೆ ಇವ್ರು ಬರೋದು ಬ್ಯಾಡ ಅಂತ ಹೇಳ್ಬುಡು."

"ಏನವ್ವಾ, ಒಂದ್ ತಳ್ಳೋ ಗಾಡಿ ಬುಟ್ಟಿದ್ಕೆ ಸಂಬಂಧ ಬ್ಯಾಡ ಅಂತೀಯಾ?" ದೊಡ್ಡಪ್ಪ ಊರಿಗೆಲ್ಲ ಕೇಳುವಂತೆ ನಕ್ಕರು.

"ಬುಟ್ಟಿದ್ಕಲ್ಲ. ನಾನು ಕೇಳ್ದಾಗ ಇವ್ರು ನಿಮ್ ಮಖ ನೋಡುದ್ರಲ್ಲ, ಅದುಕ್ಕೆ."

ಕಾರು ಓಡಿಸುತ್ತಿದ್ದವಳು ನಾನು. ಅರಕಲಗೂಡಿನ ದಾರಿಯಲ್ಲಿ ಗೊರೂರು ದಾಟಿದೆವು. ಅಮ್ಮ ತಪ್ಪನ್ನೆಲ್ಲ ಅಕ್ಕನ ತಲೆಗೇ ಕಟ್ಟುತ್ತಾಳೆ ಎಂದು ನಾನು ಒಳಗೊಳಗೇ ಉತ್ತರ ಮಸೆಯುತ್ತಿದ್ದೆ. ಅಪ್ಪನ ಫೋನ್ ಬಂತು, ಶಾಮಿಯಾನದವರು ಬಾಗಿಲಿಗೆ ಬಂದಿದ್ದಾರಂತೆ.

"ವಾಪಸ್ ಕಳ್ಸಿ" ಎಂದಳು ಅಮ್ಮ. "ಆ ಸಂಬಂಧ ಬ್ಯಾಡ." ಅತ್ತ ಕಡೆಯಿಂದ ಅಪ್ಪ ಕೂಗಾಡುವುದು ನನಗೂ ಕೇಳಿಸಿತು. ಅಮ್ಮ ಫೋನನ್ನು ಆ ಕಿವಿಯಿಂದ ಈ ಕಿವಿಗೆ ಬದಲಿಸಿಕೊಂಡಳು.

"ಯಾರ್ ಅಂದಿದ್ದಾ? ನಾನೇ ಕಣ್ರೀ ಅಂದಿದ್ದು. ಬತ್ತಾ ಇದೀನಿ, ತಡ್ಕಳಿ."